ಸಮಸ್ಯೆ ಎಲ್ಲಿ ಇಲ್ಲ ಎಂದು ಕೇಳಿದ್ದೀರಾ? ಸಂಸ್ಥೆಯ ಗೋಜಲು ಬಿಡಿಸಲು ಚೆಕ್‌ಲಿಸ್ಟ್ ಬಳಸುವ ಬಗ್ಗೆ

ಸರ್ವೀಸ್ ಡೆಸ್ಕ್

ನಮಸ್ಕಾರ. ಯಂತ್ರಗಳ ರಿಪೇರಿ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಸೇವಾ ವಿಭಾಗ ನೋಡಿಕೊಳ್ಳುತ್ತೇನೆ. ಎರಡು ವರ್ಷ ನಮ್ಮನ್ನು ಕಾಡಿದ ಒಂದು ಸಮಸ್ಯೆಯನ್ನೂ ಅದರಿಂದ ನಾನು ಕಲಿತದ್ದನ್ನೂ ಇಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮುಗಿಯಿತೆಂದು ಮುಚ್ಚಿದ ದೂರುಗಳು ಮತ್ತೆ ತೆರೆದುಕೊಳ್ಳುತ್ತಿದ್ದವು. ಟೆಕ್ನಿಷಿಯನ್ ಹೋಗಿ ಯಂತ್ರ ಸರಿಮಾಡಿ, ಗ್ರಾಹಕರ ಸಹಿ ಹಾಕಿಸಿಕೊಂಡು ಬರುತ್ತಾನೆ. ವಾರ ಕಳೆಯುವಷ್ಟರಲ್ಲಿ ಅದೇ ಯಂತ್ರ, ಅದೇ ದೂರು. ಮೀಟಿಂಗ್‌ನಲ್ಲಿ ಹತ್ತೇ ನಿಮಿಷಕ್ಕೆ ತೀರ್ಮಾನವಾಯಿತು: ಹುಡುಗರಿಗೆ ಕೆಲಸ ಬರುವುದಿಲ್ಲ, ತರಬೇತಿ ಕೊಡಿ. ಕೊಟ್ಟೆವು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಕೊಟ್ಟೆವು. ಹೊಸ ಫಾರ್ಮ್ ಬಂತು, ಇಬ್ಬರಿಗೆ ನೋಟಿಸೂ ಹೋಯಿತು. ಆ ನೋಟಿಸಿಗೆ ಸಹಿ ಹಾಕಿದವನು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದೇವೆ ಎನ್ನುವುದು ಆಗ ತಿಳಿಯಲಿಲ್ಲ.

ಕೊನೆಗೆ ಒಬ್ಬ ಹಿರಿಯ ಸಹೋದ್ಯೋಗಿ ಕೆಪ್ನರ್-ಟ್ರೆಗೊ ಪ್ರಶ್ನೆಗಳನ್ನು ತಂದುಕೊಟ್ಟರು. ಚಾರ್ಲ್ಸ್ ಕೆಪ್ನರ್, ಬೆಂಜಮಿನ್ ಟ್ರೆಗೊ ಇಬ್ಬರೂ ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್‌ನಲ್ಲಿ ಇದ್ದವರು. ವಾಯುಪಡೆಯಲ್ಲಿ ನಿರ್ಧಾರಗಳು ಹೇಗೆ ಆಗುತ್ತವೆ ಎಂದು ಗಮನಿಸಿದ ಅನುಭವದ ಮೇಲೆ 1958ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಅವರ ಪಟ್ಟಿಯಲ್ಲಿ ನಾಲ್ಕು ಸಾಲು: ಏನು, ಎಲ್ಲಿ, ಯಾವಾಗ, ಎಷ್ಟು. ಪ್ರತಿ ಸಾಲಿಗೂ ಎರಡು ಕಾಲಂ. ಒಂದು, ಸಮಸ್ಯೆ ಇರುವ ಕಡೆ. ಇನ್ನೊಂದು, ಇರಬಹುದಿತ್ತು ಆದರೆ ಇಲ್ಲದ ಕಡೆ.

ಮೊದಲನೇ ಕಾಲಂ ಅರ್ಧ ಗಂಟೆಯಲ್ಲಿ ತುಂಬಿತು. ಎರಡನೆಯದಕ್ಕೆ ಮೂರು ದಿನ ಹಿಡಿಯಿತು. ಸಮಸ್ಯೆ ಇಲ್ಲದ ಜಾಗವನ್ನು ಯಾರೂ ಬರೆದಿಟ್ಟಿರಲೇ ಇಲ್ಲ, ಹಳೇ ದಾಖಲೆ ಕೆದಕಬೇಕಾಯಿತು. ಹೊಸಬರ ಕೆಲಸದಲ್ಲಿ ಹೆಚ್ಚು ಇರಬೇಕಿತ್ತು, ಇರಲಿಲ್ಲ. ಇಪ್ಪತ್ತು ವರ್ಷ ಪಳಗಿದವರ ದೂರುಗಳೂ ಅಷ್ಟೇ ತೆರೆದುಕೊಂಡಿದ್ದವು. ತಿಂಗಳ ಮೊದಲ ವಾರ ಮುಚ್ಚಿದವು ಬಹುತೇಕ ಮುಚ್ಚಿಯೇ ಉಳಿದಿದ್ದವು, ಕೊನೆಯ 3-4 ದಿನ ಮುಚ್ಚಿದವು ಉಳಿದಿರಲಿಲ್ಲ. ಬಿಡಿಭಾಗ ಬೇಡದ ರಿಪೇರಿಯಲ್ಲಿ ಸಮಸ್ಯೆಯೇ ಇಲ್ಲ.

ಆ ಹಾಳೆ ಹಿಡಿದುಕೊಂಡು ಹಳೇ ಟೆಕ್ನಿಷಿಯನ್ ಒಬ್ಬರ ಹತ್ತಿರ ಹೋಗಿ ಕೂತೆ. ಅವರು ಮಾತಾಡದೆ ಬ್ಯಾಗಿನಿಂದ ಒಂದು ಚಪ್ಪಟೆ ರಬ್ಬರ್ ಬೆಲ್ಟ್ ತೆಗೆದು ಮೇಜಿನ ಮೇಲಿಟ್ಟರು. ಒಳಮೈ ಗಾಜಿನಂತೆ ನುಣ್ಣಗಾಗಿತ್ತು, ಅಂಚಿನಲ್ಲಿ ನೂಲು ಎದ್ದಿತ್ತು. "ಇದನ್ನ ಒರೆಸಿ, ಒಳಗಿನದು ಹೊರಗೆ ಮಾಡಿ ಹಾಕಿದ್ರೆ ನಾಲ್ಕೈದು ದಿನ ಓಡುತ್ತೆ ಸಾರ್. ಹೊಸದಕ್ಕೆ ಇಂಡೆಂಟ್ ಹಾಕಿದ್ರೆ ಎರಡು ಸಹಿ, ಒಂಬತ್ತು ದಿನ. ತಿಂಗಳು ಮುಗಿಯೋಕೆ ಇರೋದು ಮೂರು ದಿನ" ಎಂದರು.

ತಿಂಗಳ ಕೊನೆಗೆ ಎಷ್ಟು ದೂರು ಮುಚ್ಚಿದೆ ಎಂಬ ಲೆಕ್ಕದ ಮೇಲೆ ಅವರ ಕೆಲಸ ಅಳೆಯುತ್ತಿದ್ದುದು ನಾವೇ. ಆ ಎಣಿಕೆ ಕೈಬಿಟ್ಟು, ಮುಚ್ಚಿದ ಮೇಲೆ 15 ದಿನ ತೆರೆದುಕೊಳ್ಳದವನ್ನು ಮಾತ್ರ ಎಣಿಸತೊಡಗಿದೆವು. ಸಾಮಾನ್ಯ ಬಿಡಿಭಾಗಗಳಿಗೆ ಎರಡನೇ ಸಹಿ ತೆಗೆದೆವು. ಆ ಇಬ್ಬರ ನೋಟಿಸ್ ಹಿಂದಕ್ಕೆ ಪಡೆದು, ನಾನೇ ಹೋಗಿ ಕ್ಷಮೆ ಕೇಳಿದೆ.

ಆಮೇಲೆ ಪ್ರಶ್ನೆಗಳನ್ನು ಸೇರಿಸುತ್ತಾ ಸ್ವಂತದ್ದೊಂದು ಚೆಕ್‌ಲಿಸ್ಟ್ ಮಾಡಿಕೊಂಡಿದ್ದೇವೆ. ಈಗ ಅದರಲ್ಲಿ 16 ಪ್ರಶ್ನೆ. ಆದರೆ ಎರಡು ವಿಭಾಗಗಳನ್ನು ಒಂದು ಮಾಡಿದಾಗ ಹುಟ್ಟಿದ ಜಗಳಕ್ಕೆ ಅದೇ ಪಟ್ಟಿ ಬಳಸಿ ಪೂರ್ತಿ ಸೋತೆವು. ಒಂದು ಕಡೆ ಕಣ್ಣು ತೆರೆಸಿದ ಪಟ್ಟಿ ಇನ್ನೊಂದು ಕಡೆ ಏಕೆ ಕೆಲಸಕ್ಕೆ ಬರಲಿಲ್ಲ? ನಿಮ್ಮ ಅನುಭವ ಬೇಕು.

ಐಸಿಯು ಮೇಲ್ವಿಚಾರಕಿ

ಸರ್, ನೋಟಿಸ್ ಹಿಂದಕ್ಕೆ ಪಡೆದದ್ದನ್ನು ಬರೆದಿರಲ್ಲ, ಅದಕ್ಕೆ ಮೊದಲು ಧನ್ಯವಾದ. ಎಷ್ಟೋ ಕಡೆ ಕಾರಣ ಸಿಕ್ಕ ಮೇಲೂ ನೋಟಿಸ್ ಫೈಲಿನಲ್ಲೇ ಉಳಿಯುತ್ತದೆ.

ನಮ್ಮ ಕ್ಷೇತ್ರದಲ್ಲಿ ಚೆಕ್‌ಲಿಸ್ಟ್ ಎಂದರೆ ಎಲ್ಲರಿಗೂ ನೆನಪಾಗುವುದು ಅಮೆರಿಕದ ವೈದ್ಯ ಪೀಟರ್ ಪ್ರೊನೊವೊಸ್ಟ್. ದೊಡ್ಡ ರಕ್ತನಾಳಕ್ಕೆ ಕ್ಯಾಥೆಟರ್, ಅಂದರೆ ತೆಳು ಕೊಳವೆ, ಹಾಕುವಾಗ ಆಗುವ ಸೋಂಕು ತಡೆಯಲು ಐದೇ ಅಂಶ: ಕೈ ತೊಳೆ, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಚರ್ಮ ಒರೆಸು, ರೋಗಿಯ ಮೈ ಪೂರ್ತಿ ಮುಚ್ಚುವಂತೆ ಶುದ್ಧ ಹೊದಿಕೆ ಹಾಕು, ಆದಷ್ಟೂ ತೊಡೆಸಂದಿಯ ಜಾಗ ಬೇಡ, ಬೇಡವಾದ ಕ್ಯಾಥೆಟರ್ ಕೂಡಲೇ ತೆಗೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದು ಜಾರಿಯಾಯಿತು. 18 ತಿಂಗಳಲ್ಲಿ ಸೋಂಕು ಶೇಕಡಾ 66ರಷ್ಟು ಕಡಿಮೆಯಾಯಿತೆಂಬ ವರದಿ 2006ರಲ್ಲಿ ಬಂತು.

ಇದನ್ನು ಕೇಳಿದವರೆಲ್ಲ ಐದು ಸಾಲಿನ ಹಾಳೆಯ ಮಹಿಮೆ ಎಂದುಕೊಳ್ಳುತ್ತಾರೆ. ಅಲ್ಲ. ಕ್ಯಾಥೆಟರ್‌ಗೆ ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಸಿಗುವಂತೆ ಮಾಡಿದರು. ವೈದ್ಯರು ಒಂದು ಹಂತ ಬಿಟ್ಟರೆ ನರ್ಸ್ ಅವರನ್ನು ತಡೆದು ನಿಲ್ಲಿಸಬಹುದು ಎಂಬ ಅಧಿಕಾರ ಕೊಟ್ಟರು. ಸೋಂಕಿನ ಲೆಕ್ಕವನ್ನು ಐಸಿಯುನವರಿಗೇ ನಿಯಮಿತವಾಗಿ ಮುಟ್ಟಿಸಿದರು. ನರ್ಸ್ ಆಗಿ ಹೇಳುತ್ತೇನೆ, "ನಿಲ್ಲಿಸಿ ಡಾಕ್ಟ್ರೇ" ಎನ್ನುವ ಧೈರ್ಯ ಹಾಳೆಯಿಂದ ಬರುವುದಿಲ್ಲ. ನಿಲ್ಲಿಸಿದ ಮಾರನೆಯ ದಿನ ಮೇಲಿನವರು ನಮ್ಮ ಪರ ನಿಲ್ಲುತ್ತಾರೆ ಎಂಬ ನಂಬಿಕೆಯಿಂದ ಬರುತ್ತದೆ.

ನಿಮ್ಮ ವಿಭಾಗ ವಿಲೀನದ ವಿಷಯದಲ್ಲಿ ಒಂದೇ ಪ್ರಶ್ನೆ. ಆ ಪಟ್ಟಿ ತುಂಬಿದವರು ಯಾರು?

ಆಡಿಟ್ ಹಿನ್ನೆಲೆ

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಸರ ಬೇಡ.

ಹನ್ನೊಂದು ವರ್ಷ ಆಂತರಿಕ ಲೆಕ್ಕ ತಪಾಸಣೆ ಮಾಡಿದ್ದೇನೆ. ಒಮ್ಮೆ ಒಂದು ಕಚೇರಿಯಲ್ಲಿ ವರ್ಷಪೂರ್ತಿಯ ಅಪಾಯ ವಿಶ್ಲೇಷಣೆಯ ಚೆಕ್‌ಲಿಸ್ಟ್‌ಗಳನ್ನು ಮುಂದಿಟ್ಟರು. ಹನ್ನೆರಡು ತಿಂಗಳ ಹನ್ನೆರಡು ಹಾಳೆ. ಎಲ್ಲದರ ಮೇಲೂ ಒಂದೇ ಪೆನ್ನು, ಒಂದೇ ಒತ್ತು, ಟಿಕ್‌ನ ಬಾಲವೂ ಒಂದೇ ಕಡೆಗೆ ವಾಲಿದೆ. ಮೂರನೇ ಹಾಳೆಯಲ್ಲಿ ಬಿದ್ದ ನೀರಿನ ಕಲೆ ಹತ್ತನೇ ಹಾಳೆಯಲ್ಲೂ ಅದೇ ಜಾಗದಲ್ಲಿತ್ತು. ಹನ್ನೆರಡೂ ಒಂದೇ ಸಂಜೆ ಕೂತು ಬರೆದದ್ದು. ಬರೆದ ಹುಡುಗ ಮೋಸಗಾರನಲ್ಲ. ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಹಾಳೆ ಕೇಳಿದ್ದರು, ಹಾಳೆ ಕೊಟ್ಟ.

ಮೇಡಂ ಮಿಷಿಗನ್ ಹೇಳಿದರು. ಅದರ ಪಕ್ಕದಲ್ಲಿ ಇದನ್ನೂ ಇಡೋಣ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಸಾವಿನ ಪ್ರಮಾಣ 1.5ರಿಂದ 0.8 ಶೇಕಡಾಕ್ಕೆ ಇಳಿದಿತ್ತು, 2009ರಲ್ಲಿ ಪ್ರಕಟವಾಯಿತು. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಚೆಕ್‌ಲಿಸ್ಟ್ ಅಳವಡಿಸಿಕೊಂಡವು. 2014ರಲ್ಲಿ ಬಂದ ಅಧ್ಯಯನದ ಪ್ರಕಾರ ಸಾವು 0.71ರಿಂದ 0.65ಕ್ಕೆ, ಅಂದರೆ ಇಳಿಯಿತು ಎಂದು ಹೇಳಲಾಗದಷ್ಟು ಸಣ್ಣ ವ್ಯತ್ಯಾಸ. ಬಳಸುತ್ತಿದ್ದೇವೆ ಎಂದು ಆಸ್ಪತ್ರೆಗಳು ವರದಿ ಮಾಡಿದ್ದು ಮಾತ್ರ ನೂರರ ಹತ್ತಿರ ಹತ್ತಿರ.

ಇನ್ನೊಂದು ಮಾತು. ಸಂಸ್ಥೆಯ ಒಳಜಗಳ, ನಂಬಿಕೆ ಕಳೆದುಕೊಳ್ಳುವುದು, ಒಳ್ಳೆಯವರು ಬಿಟ್ಟುಹೋಗುವುದು, ಇವೆಲ್ಲ ಬೆಲ್ಟ್ ಸವೆದಂಥ ಸಮಸ್ಯೆಗಳಲ್ಲ. ವಿನ್ಯಾಸ ಮತ್ತು ಯೋಜನೆಯ ವಿದ್ವಾಂಸರಾದ ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲೇ ಇಂಥವನ್ನು ಬೇರೆ ಜಾತಿಯ ಸಮಸ್ಯೆ ಎಂದು ಗುರುತಿಸಿ ಹತ್ತು ಲಕ್ಷಣ ಬರೆದರು. ಇವಕ್ಕೆ ಇದಮಿತ್ಥಂ ಎನ್ನುವ ವ್ಯಾಖ್ಯೆ ಇಲ್ಲ, ಮುಗಿಯಿತು ಎನ್ನುವ ಗೆರೆ ಇಲ್ಲ, ಒಂದರಂತೆ ಇನ್ನೊಂದಿಲ್ಲ. ಒಂದರಂತೆ ಇನ್ನೊಂದಿಲ್ಲದ ಮೇಲೆ ಎಲ್ಲಕ್ಕೂ ಒಂದೇ ಪಟ್ಟಿ ಹೇಗೆ ಒಪ್ಪುತ್ತದೆ?

ಸರ್ವೀಸ್ ಡೆಸ್ಕ್

ಮೇಡಂ ಕೇಳಿದ ಪ್ರಶ್ನೆ ನೇರವಾಗಿ ಗಾಯದ ಮೇಲೇ ಬಿತ್ತು. ವಿಲೀನದ ವಿಷಯದಲ್ಲಿ ಪಟ್ಟಿ ತುಂಬಿದವರು ಮೂವರು ಮ್ಯಾನೇಜರ್‌ಗಳು, ಒಂದೇ ಕೋಣೆಯಲ್ಲಿ, ಒಂದೇ ಮಧ್ಯಾಹ್ನ. 16 ಪ್ರಶ್ನೆಗೂ ಒಪ್ಪಿತ ಉತ್ತರ ಬಂತು. ಓದಿದರೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತ್ತು. ಅದನ್ನು ನಂಬಿ ಹೊಸ ಕೆಲಸ ಹಂಚಿಕೆಯ ಸರ್ಕ್ಯುಲರ್ ಹೊರಡಿಸಿದೆವು. ಎರಡೇ ವಾರದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ.

ಬೆಲ್ಟ್ ವಿಷಯದಲ್ಲಿ ಹಾಗಿರಲಿಲ್ಲ. ಅಲ್ಲಿ ಹಾಳೆ ಸ್ಟೋರ್ಸ್‌ಗೆ ಹೋಗಿತ್ತು, ದೂರು ದಾಖಲಿಸುವವರಿಗೆ ಹೋಗಿತ್ತು, ಟೆಕ್ನಿಷಿಯನ್ ಹತ್ತಿರ ಹೋಗಿತ್ತು, ಬೇರೆ ಬೇರೆಯಾಗಿ. "ತಡ ಎಲ್ಲಿ ಆಗುತ್ತದೆ" ಎಂಬ ಪ್ರಶ್ನೆಗೆ ಸ್ಟೋರ್ಸ್‌ನವರು "ನಮ್ಮಲ್ಲಿ ಒಂದೇ ದಿನ" ಎಂದು ಬರೆದರು, ಟೆಕ್ನಿಷಿಯನ್ ಒಂಬತ್ತು ದಿನ ಎಂದು ಬರೆದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಡುವಿನ ಎಂಟು ದಿನ ಎರಡನೇ ಸಹಿಗಾಗಿ ಒಂದು ಮೇಜಿನ ಮೇಲೆ ಕಾಯುತ್ತಿತ್ತು. ಆ ಮೇಜು ಯಾರ ಹಾಳೆಯಲ್ಲೂ ಇರಲಿಲ್ಲ. ನನಗೆ ಈಗ ಅನ್ನಿಸುವುದು ಇಷ್ಟು: ಉತ್ತರಗಳು ಎಲ್ಲಿ ಕೂಡಲಿಲ್ಲವೋ ಅಲ್ಲೇ ಅಗೆಯಬೇಕಿತ್ತು. ವಿಲೀನದಲ್ಲಿ ನಾವು ಕೂಡದ ಜಾಗವನ್ನೇ ಒತ್ತಿ ಮಟ್ಟಮಾಡಿಬಿಟ್ಟೆವು.

ಆಡಿಟ್ ಸರ್, ನಿಮ್ಮ ನೀರಿನ ಕಲೆಯ ಮಾತು ಮನಸ್ಸಿನಲ್ಲಿ ಕೂತಿತು. ಆದರೆ ಒಂದು ಭೇದ ಮಾಡಬೇಕು. 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ಮಾಡೆಲ್ 299 ವಿಮಾನ ಮೇಲೇರಿದ ಕೂಡಲೇ ಬಿತ್ತು. ನಿಂತಾಗ ಗಾಳಿಗೆ ಬಾಲದ ಪಟ್ಟಿಗಳು ಬಡಿದಾಡದಂತೆ ಹಾಕುವ ಲಾಕ್ ತೆಗೆಯಲು ಮರೆತಿದ್ದರು. ವಿಮಾನ ಚಾಲಕರ ಚೆಕ್‌ಲಿಸ್ಟ್ ಹುಟ್ಟಿದ್ದು ಅದರಿಂದ. ಅದು ಗೊತ್ತಿರುವುದನ್ನು ಮರೆಯದಿರಲು. ಅಲ್ಲಿ ಟಿಕ್ ಸಾಕು. ನಾನು ಹೇಳುತ್ತಿರುವುದು ಗೊತ್ತಿಲ್ಲದ್ದನ್ನು ಹುಡುಕಲು. ಅಲ್ಲಿ ಟಿಕ್ ಹಾಕುವ ಚೌಕವೇ ಇರಬಾರದು. ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕಂಡರೆ ತೆಗೆದುಹಾಕುತ್ತೇವೆ. "ಗ್ರಾಹಕರ ಅಭಿಪ್ರಾಯ ಪಡೆಯಲಾಗಿದೆಯೇ" ಎಂದಿದ್ದುದು ಈಗ "ಕೊನೆಯದಾಗಿ ಮಾತಾಡಿದ ಗ್ರಾಹಕರು ಬಳಸಿದ ಪದಗಳೇನು, ಹಾಗೆಯೇ ಬರೆಯಿರಿ" ಎಂದಾಗಿದೆ. ಒಂದೇ ಸಂಜೆ ಕೂತು ಇದನ್ನು ಹನ್ನೆರಡು ಸಲ ಬರೆಯಲು ಬರುವುದಿಲ್ಲ.

ಸ್ವಯಂಸೇವಕರ ಸಂಯೋಜಕಿ

ಉತ್ತರ ಕೂಡದ ಜಾಗ ಎಂದಿರಲ್ಲ, ನಾನೂ ಅದನ್ನೇ ಕಂಡಿದ್ದೇನೆ. ನಮ್ಮದು ಸಂಬಳವಿಲ್ಲದೆ ದುಡಿಯುವವರ ಸಂಘಟನೆ. ಬಂದವರು ನಾಲ್ಕೈದು ತಿಂಗಳಿಗೆ ಬಿಟ್ಟುಹೋಗುತ್ತಿದ್ದರು.

ನಾವು ಬಳಸಿದ್ದು ಕ್ಯಾಟ್‌ವೋ ಎಂಬ ಆರು ಪ್ರಶ್ನೆಗಳ ಪಟ್ಟಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಚೆಕ್‌ಲ್ಯಾಂಡ್ ಮತ್ತು ಜೊತೆಗಾರರು ಬೆಳೆಸಿದ ವಿಧಾನದ ಭಾಗ. ನಮ್ಮ ಮಾತಿನಲ್ಲಿ ಹೀಗೆ ಕೇಳಿಕೊಂಡೆವು: ಇದರಿಂದ ಲಾಭವೋ ನಷ್ಟವೋ ಆಗುವುದು ಯಾರಿಗೆ? ಕೆಲಸ ಮಾಡುವವರು ಯಾರು? ಯಾವುದು ಯಾವುದಾಗಿ ಬದಲಾಗಬೇಕು? ಅದು ಬದಲಾಗಬೇಕು ಎಂದು ನಮಗೆ ಏಕೆ ಅನ್ನಿಸುತ್ತದೆ? ಇದನ್ನೆಲ್ಲ ನಿಲ್ಲಿಸಿಬಿಡುವ ಅಧಿಕಾರ ಯಾರ ಕೈಯಲ್ಲಿದೆ? ನಾವು ಬದಲಿಸಲಾಗದ ಹೊರಗಿನ ಕಟ್ಟುಪಾಡು ಯಾವುದು?

ಐದು ಜನ ಬೇರೆ ಬೇರೆ ಕೂತು ಬರೆದೆವು. ಮೂರನೇ ಪ್ರಶ್ನೆಗೇ ನಾಲ್ಕು ಬೇರೆ ಉತ್ತರ ಬಂದವು. ನಾನು "ಓದು ಬಿಟ್ಟ ಮಕ್ಕಳು ಮತ್ತೆ ಓದುವವರಾಗುವುದು" ಎಂದು ಬರೆದಿದ್ದೆ. ಹಣಕಾಸು ನೋಡುವವರು "ಬಂದ ದೇಣಿಗೆ ವರದಿಯಾಗುವುದು" ಎಂದಿದ್ದರು. ಓದಿದ ಕೂಡಲೇ ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ: ಒಬ್ಬ ಸ್ವಯಂಸೇವಕಿ ವಾರಕ್ಕೆ ಕೊಡುವ ಆರು ಗಂಟೆಯಲ್ಲಿ ಮಕ್ಕಳ ಜೊತೆ ಇರುವುದು ಎರಡೂವರೆ ಗಂಟೆ. ಉಳಿದದ್ದು ಫೋಟೊ, ಹಾಜರಿ, ವರದಿ. ಅವರು ಬರೆದದ್ದು ನಮ್ಮ ಆಸೆಯಲ್ಲ, ನಾವು ನಿಜವಾಗಿ ಮಾಡುತ್ತಿದ್ದ ಕೆಲಸ. ಬಿಟ್ಟುಹೋದವರಿಗೆ ಇದು ನಮಗಿಂತ ಮೊದಲೇ ತಿಳಿದಿತ್ತು.

ನಾಲ್ಕನೇ ಪ್ರಶ್ನೆ, ಅಂದರೆ ನಮ್ಮ ಲೋಕದೃಷ್ಟಿಯನ್ನು ಕೇಳುವುದು, ಯಾವ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಸರ್, ನಿಮ್ಮ 16ರಲ್ಲಿ ಅದು ಇದೆಯೇ?

ಹೊಸಬ

ನನ್ನದೊಂದು ಸಣ್ಣ ಪ್ರಶ್ನೆ. ಕೆಲಸಕ್ಕೆ ಸೇರಿ ಒಂದು ವರ್ಷ. ನಮ್ಮ ತಂಡದ ವಾರದ ವರದಿ ಯಾವಾಗಲೂ ತಡ, ಬೈಗುಳ ನಮಗೆ. ನೀವೆಲ್ಲ ಹೇಳೋದು ಓದಿದ್ರೆ ಹಲವರು ಸೇರಿ ತುಂಬಬೇಕು ಅಂತ ಅರ್ಥ ಆಯ್ತು. ಆದ್ರೆ ನನ್ನ ಮಾತಿಗೆ ಯಾರೂ ಹಾಳೆ ತುಂಬಲ್ಲ. ಒಬ್ಬನೇ ಏನಾದ್ರೂ ಮಾಡಬಹುದಾ?

ಐಸಿಯು ಮೇಲ್ವಿಚಾರಕಿ

ಮಾಡಬಹುದು ತಮ್ಮಾ. ಪೂರ್ತಿ ಪಟ್ಟಿ ಬೇಡ, ಆ "ಇಲ್ಲ" ಕಾಲಂ ಒಂದನ್ನೇ ತೆಗೆದುಕೊಳ್ಳಿ. ವರದಿ ತಡವಾಗದ ವಾರಗಳು ಯಾವುವು? ಒಂದೋ ಎರಡೋ ಇದ್ದೇ ಇರುತ್ತವೆ. ಆ ವಾರ ಬೇರೆ ಏನಿತ್ತು? ಇದಕ್ಕೆ ಯಾರ ಅನುಮತಿಯೂ ಬೇಡ, ಹಳೇ ಇಮೇಲ್‌ಗಳ ತಾರೀಖು ನೋಡಿದರೆ ಸಾಕು. ಯಾರ ಹೆಸರನ್ನೂ ಬರೆಯಬೇಡಿ, ಹಂತದ ಹೆಸರು ಬರೆಯಿರಿ. ಹೆಸರು ಬಂದ ಕ್ಷಣ ಮಾತು ತಪ್ಪಿತಸ್ಥರ ಕಡೆಗೆ ತಿರುಗುತ್ತದೆ, ಆಮೇಲೆ ನಿಮಗೆ ಯಾರೂ ನಿಜ ಹೇಳುವುದಿಲ್ಲ.

ಸುರಕ್ಷತಾ ಇಂಜಿನಿಯರ್

ಹೊಸಬರ ಪ್ರಶ್ನೆ ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ಗೊತ್ತಿರುವವರು ಕೆಳಗಿರುತ್ತಾರೆ, ಕೇಳುವವರು ಮೇಲಿರುತ್ತಾರೆ. ಇದರ ಬೆಲೆ ಏನೆಂದು ತಿಳಿಯಲು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ತನಿಖೆಗಿಂತ ದೊಡ್ಡ ಪಾಠ ನಾನು ಕಂಡಿಲ್ಲ.

2003ರ ಜನವರಿ 16ರಂದು ಕೊಲಂಬಿಯಾ ಮೇಲೇರುವಾಗ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಮಾರನೆಯ ದಿನ ವಿಡಿಯೊದಲ್ಲಿ ಅದನ್ನು ಕಂಡ ಇಂಜಿನಿಯರ್‌ಗಳು ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿಕೊಡಿ ಎಂದು ಬೇರೆ ಬೇರೆ ದಾರಿಯಲ್ಲಿ ಕೇಳಿದರು. ಚಿತ್ರ ಬರಲಿಲ್ಲ. ಫೆಬ್ರುವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳೂ ಜನ ಹೋದರು. ಅದೇ ಆಗಸ್ಟ್‌ನಲ್ಲಿ ಬಂದ ತನಿಖಾ ಮಂಡಳಿಯ ವರದಿ ಫೋಮ್‌ನಷ್ಟೇ ನಾಸಾದ ಸಂಸ್ಥಾ ಸಂಸ್ಕೃತಿಯನ್ನೂ ಕಾರಣವೆಂದು ಹೇಳಿತು. ಹಿಂದೆಯೂ ಫೋಮ್ ಕಳಚಿತ್ತು, ನೌಕೆ ಸುರಕ್ಷಿತವಾಗಿ ಇಳಿದಿತ್ತು, ಹಾಗಾಗಿ ಅದು ಮಾಮೂಲಿ ಎನ್ನಿಸಿಬಿಟ್ಟಿತ್ತು. ಸುರಕ್ಷಿತ ಎಂದು ಸಾಧಿಸುವ ಹೊಣೆ ಮೇಲಿನವರದಾಗಬೇಕಿತ್ತು. ಬದಲಿಗೆ, ಅಪಾಯ ಇದೆ ಎಂದು ಸಾಧಿಸುವ ಹೊಣೆ ಕೆಳಗಿನವರ ಹೆಗಲಿಗೆ ಬಿತ್ತು. ಚಿತ್ರವೇ ಇಲ್ಲದೆ ಅವರು ಏನನ್ನು ಸಾಧಿಸಬೇಕು?

ನಾಸಾದಲ್ಲಿ ಚೆಕ್‌ಲಿಸ್ಟ್‌ಗಳಿಗೆ ಕೊರತೆ ಇರಲಿಲ್ಲ. ಅದಕ್ಕೇ ನಾನು ಯಾವ ಪಟ್ಟಿಗೂ ಎರಡು ಪ್ರಶ್ನೆ ಸೇರಿಸದೆ ಬಿಡುವುದಿಲ್ಲ. "ಇದರ ಬಗ್ಗೆ ಯಾರಾದರೂ ಈ ಮೊದಲೇ ಏನನ್ನಾದರೂ ಕೇಳಿದ್ದಾರಾ, ಅವರಿಗೆ ಏನು ಉತ್ತರ ಸಿಕ್ಕಿತು?" ಇದು ಒಂದು. "ಮೊದಲು ಅಸಹಜ ಎನ್ನಿಸಿ ಈಗ ಮಾಮೂಲಿಯಾದದ್ದು ಏನು?" ಇದು ಎರಡು. ಸರ್ವೀಸ್ ಡೆಸ್ಕ್ ಸರ್, ಆ ಬೆಲ್ಟ್ ತಿರುವಿ ಹಾಕುವುದು ಮೊದಲ ದಿನ ಆ ಹಿರಿಯರಿಗೂ ಕಸಿವಿಸಿ ಆಗಿರಬೇಕು.

ಇನ್ನೊಂದು ಎಚ್ಚರಿಕೆ. ಬಹಳ ಜನ "ಏಕೆ" ಎಂದು ಐದು ಸಲ ಕೇಳುವ ಟೊಯೊಟಾ ಪದ್ಧತಿಯನ್ನೇ ಎಲ್ಲ ಕಡೆ ಬಳಸುತ್ತಾರೆ. ಯಂತ್ರ ನಿಂತಿತು, ಏಕೆ? ಫ್ಯೂಸ್ ಹೋಯಿತು. ಏಕೆ? ಬೇರಿಂಗ್‌ಗೆ ಎಣ್ಣೆ ಸಾಲದು. ಹೀಗೆ ಇಳಿದು ಪಂಪಿಗೆ ಜಾಲರಿ ಇರಲಿಲ್ಲ ಎಂಬಲ್ಲಿಗೆ ಮುಟ್ಟುವುದು ಟೊಯೊಟಾದ ಇಂಜಿನಿಯರ್ ತೈಚಿ ಓನೊ ಕೊಟ್ಟ ಉದಾಹರಣೆ. ಯಂತ್ರಕ್ಕೆ ಅದ್ಭುತ. ಆದರೆ ಸಂಸ್ಥೆಯಲ್ಲಿ ಒಂದು "ಏಕೆ"ಗೆ ಮೂರು ಉತ್ತರ ಇರುತ್ತವೆ, ಕೋಣೆಯಲ್ಲಿ ಜೋರಾಗಿ ಮಾತಾಡುವವರ ಉತ್ತರದ ಹಿಂದೆಯೇ ಸರಪಳಿ ಹೋಗುತ್ತದೆ. ಪ್ರತಿ "ಏಕೆ"ಗೂ ಕನಿಷ್ಠ ಎರಡು ಉತ್ತರ ಬರೆಯಿಸಿ, ಆಮೇಲೆ ಮುಂದಕ್ಕೆ ಹೋಗಿ.

ಆಡಿಟ್ ಹಿನ್ನೆಲೆ

ನನ್ನ ಮಾತನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಟಿಕ್ ಇಲ್ಲದ, ಬೇರೆ ಬೇರೆ ಕೂತು ಬರೆಯುವ ಪ್ರಶ್ನಾಪಟ್ಟಿಯನ್ನು ನಾನು ಆಡಿಟ್‌ನಲ್ಲಿ ಒಮ್ಮೆಯೂ ನೋಡಿಲ್ಲ. ನೋಡಿದ್ದರೆ ನನ್ನ ಹನ್ನೊಂದು ವರ್ಷ ಬೇರೆಯಾಗಿರುತ್ತಿತ್ತು.

ಆದರೂ ಎರಡು ಷರತ್ತು. "ಗೊತ್ತಿಲ್ಲ" ಎಂಬುದು ಪೂರ್ಣ ಉತ್ತರವೆಂದು ಹಾಳೆಯ ಮೇಲೇ ಅಚ್ಚಾಗಿರಲಿ, ಪಕ್ಕದಲ್ಲಿ ಯಾರು ಎಂದಿನೊಳಗೆ ತಿಳಿದುಕೊಂಡು ಬರುತ್ತಾರೆ ಎಂದು ಬರೆಯಲು ಜಾಗವಿರಲಿ. ಖಾಲಿ ಬಿಡಲು ಹೆದರುವ ಕಡೆ ಜನ ಕಥೆ ಬರೆಯುತ್ತಾರೆ. ಎರಡನೆಯದು, ಪಟ್ಟಿ ಬೆಳೆಯುತ್ತಾ ಹೋಗಬಾರದು. 4 ಸಾಲಿನಿಂದ ಶುರುವಾದದ್ದು 16 ಆಗಿದೆ, ನಾಳೆ ಸುರಕ್ಷತಾ ಸರ್ ಹೇಳಿದ್ದೂ ಸೇರಿ 18. ಒಂದು ಸೇರಿಸಿದರೆ ಒಂದು ತೆಗೆಯಿರಿ.

ಸರ್ವೀಸ್ ಡೆಸ್ಕ್

ಒಪ್ಪಿದೆ. ಸಂಯೋಜಕಿ ಮೇಡಂ, ಲೋಕದೃಷ್ಟಿಯ ಪ್ರಶ್ನೆ ನಮ್ಮಲ್ಲಿ ಇರಲಿಲ್ಲ. ವಿಲೀನದಲ್ಲಿ ಒಂದು ವಿಭಾಗಕ್ಕೆ ಬೇಗ ಮುಗಿಸುವುದೇ ಒಳ್ಳೆಯ ಕೆಲಸ, ಇನ್ನೊಂದಕ್ಕೆ ಮತ್ತೆ ಕೆಡದಂತೆ ಮುಗಿಸುವುದು ಒಳ್ಳೆಯ ಕೆಲಸ. ಇದು ಎಲ್ಲರಿಗೂ ಗೊತ್ತಿತ್ತು, ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ಇವತ್ತು ಕೂತು ಪಟ್ಟಿಯನ್ನು 9ಕ್ಕೆ ಇಳಿಸಿದೆ. ಮೇಡಂ ಹೇಳಿದ ಪ್ರಶ್ನೆ, ಸುರಕ್ಷತಾ ಸರ್ ಹೇಳಿದ ಎರಡೂ ಉಳಿದಿವೆ. ಮುಂದಿನ ವಾರ ಎರಡೂ ವಿಭಾಗಗಳಿಂದ ಮೂವರು ಮೂವರು, ಮ್ಯಾನೇಜರ್‌ಗಳನ್ನು ಬಿಟ್ಟು, ಬೇರೆ ಬೇರೆ ಬರೆದು ಕೊಡುತ್ತಾರೆ. ಕೂಡದ ಉತ್ತರಗಳನ್ನಷ್ಟೇ ಮೀಟಿಂಗ್‌ಗೆ ತರುತ್ತೇವೆ, ಕೂಡಿದವನ್ನು ಚರ್ಚಿಸುವುದಿಲ್ಲ.

ಹೊಸಬ

ಅಕ್ಕ ಹೇಳಿದ ಹಾಗೆ ಮಾಡಿದೆ. ಆರು ತಿಂಗಳ ಇಮೇಲ್ ನೋಡಿದೆ. ತಡ ಆಗದ ವಾರ ಮೂರು ಸಿಕ್ಕವು. ಮೂರೂ ವಾರ ಇನ್ನೊಂದು ತಂಡದಿಂದ ಬರೋ ಅಂಕಿಅಂಶ ನಮಗೆ ಬುಧವಾರವೇ ಬಂದಿದೆ. ಉಳಿದ ವಾರ ಶುಕ್ರವಾರ ಮಧ್ಯಾಹ್ನ. ಬುಧವಾರ ಯಾಕೆ ಬಂತು ಅಂತ ನೋಡಿದ್ರೆ, ಆ ಮೂರು ವಾರವೂ ಅವರು ಕೆಲಸ ಮುಗಿದ ಭಾಗ ಮೊದಲು ಕಳಿಸಿ, ಉಳಿದದ್ದು ಆಮೇಲೆ ಕಳಿಸಿದ್ದಾರೆ. ಬೇರೆ ವಾರ ಪೂರ್ತಿ ಆಗೋವರೆಗೂ ಇಟ್ಕೊಂಡಿದ್ದಾರೆ. ಅವರನ್ನ ಹಾಗೆ ಇಟ್ಕೊಳ್ಳಿ ಅಂತ ಹೇಳಿದ್ದು ಯಾರು ಅಂತ ಹುಡುಕಿದೆ. ಎರಡು ವರ್ಷ ಹಿಂದೆ ನಮ್ಮ ತಂಡವೇ "ಅರ್ಧಂಬರ್ಧ ಕಳಿಸಬೇಡಿ" ಅಂತ ಬರೆದ ಇಮೇಲ್ ಸಿಕ್ತು. ನಾನು ಸೇರೋಕೂ ಮೊದಲಿನದು. ಅದನ್ನ ಪ್ರಿಂಟ್ ತೆಗೆದು, ಹೆಸರಿನ ಸಾಲು ಮಡಚಿ ಇಟ್ಟಿದ್ದೀನಿ. ಸೋಮವಾರ ತೋರಿಸ್ತೀನಿ.